ತಿಪ್ಪವ್ವ ಎಂದು ಕರೆದರೆ

ನಮ್ಮ ಊರಿನಲ್ಲಿ ಹೆಸರನ್ನು ಯಾರೂ ಹುಡುಕಿ ಇಡುವುದಿಲ್ಲ, ಕೇಳಿ ಪಡೆಯುತ್ತಾರೆ. ಆ ಹೆಸರು ಹೊತ್ತವರು ಒಬ್ಬರಾದರೂ ಬದುಕಿರಬೇಕು. ಹದಿಮೂರನೆಯ ದಿನ ಅವರು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಬೇಕು. ಕೂಸು ಆ ಕಡೆ ಮುಖ ತಿರುಗಿಸಿತೆಂದರೆ ಹೆಸರು ಹತ್ತಿತು ಎಂದು ಅರ್ಥ. ಆಮೇಲೆ ಸಾಯುವವರೆಗೂ ಆ ಹೆಸರು ಹಿಡಿದು ಕರೆದರೆ ಕುತ್ತಿಗೆ ತಾನಾಗಿ ಹೊರಳುತ್ತದೆ, ಕರೆದವರು ಮಾತು ಬಿಟ್ಟ ದಾಯಾದಿಗಳಾದರೂ ಸರಿ. ಹೊತ್ತವರು ಯಾರೂ ಉಳಿಯದ ದಿನ ಆ ಹೆಸರು ಎಲ್ಲರ ನಾಲಿಗೆಯಿಂದ ಒಟ್ಟಿಗೇ ಹೋಗುತ್ತದೆ. ನನ್ನ ಮುತ್ತಜ್ಜಿಯ ಹೆಸರು ಹಾಗೆ ಹೋದದ್ದು. ಹಳೆಯ ಕಾಗದದಲ್ಲಿ ಬರೆದದ್ದಿದೆ, ಅಕ್ಷರಗಳು ಕಣ್ಣಿಗೆ ಕಾಣುತ್ತವೆ, ಓದಲು ಹೋದರೆ ತುಟಿ ಅಲುಗಿ ಬರೀ ಗಾಳಿ ಬರುತ್ತದೆ. ಹಿರಿಯರಿಗೆ ಎಡೆ ಇಡುವ ದಿನ ಅಪ್ಪ ಒಬ್ಬೊಬ್ಬರ ಹೆಸರು ಹೇಳುತ್ತಾ ಬಂದು ಅಲ್ಲಿ ಸುಮ್ಮನಾಗುತ್ತಾನೆ. ಒಂದು ಹೆಸರು ಹೇಳಲು ಬೇಕಾಗುವಷ್ಟು ಹೊತ್ತು ನಾವೆಲ್ಲ ಸುಮ್ಮನಿದ್ದು ಮುಂದಿನವರಿಗೆ ಹೋಗುತ್ತೇವೆ. ಚಿಕ್ಕಂದಿನಲ್ಲಿ ನನಗೆ ಆ ಸುಮ್ಮನಿರುವುದೇ ಅವಳ ಹೆಸರು ಅನ್ನಿಸುತ್ತಿತ್ತು.

ಹೊಸ ಹೆಸರುಗಳು ಬಸ್ಸಿನಲ್ಲಿ ಬರುತ್ತವೆ. ನಾನು ಮೂರನೆಯ ತರಗತಿಯಲ್ಲಿದ್ದಾಗ ಅಂಚೆ ಕಚೇರಿಗೆ ಶೈಲಜಾ ಎಂಬುವರು ವರ್ಗವಾಗಿ ಬಂದರು. ಅವರು ಕಾಗದಗಳಿಗೆ ಠಸ್ಸೆ ಒತ್ತಿದ್ದಕ್ಕಿಂತ ಕಿವಿಗಳಲ್ಲಿ ಹೆಸರು ಹೇಳಿದ್ದೇ ಹೆಚ್ಚು. ಈಗ ಊರಲ್ಲಿ ಮೂವತ್ತೊಂಬತ್ತು ಶೈಲಜೆಯರಿದ್ದಾರೆ. ಸಂತೆಯಲ್ಲಿ ಯಾರಾದರೂ ಆ ಹೆಸರು ಕೂಗಿದರೆ ಗಾಳಿ ಬೀಸಿದ ಜೋಳದ ಹೊಲದಂತೆ ಅರ್ಧ ಸಂತೆ ಒಂದೇ ಕಡೆ ವಾಲುತ್ತದೆ.

ನನ್ನ ಅಕ್ಕ ಕಸ್ತೂರಿಯನ್ನು ಎರಡು ಓಣಿ ಆಚೆಗೆ ಕೊಟ್ಟಿತ್ತು. ಅವಳ ಮೊದಲ ಕೂಸು ಒಂಬತ್ತು ದಿನವಿತ್ತು, ಎರಡನೆಯದು ಐದು ತಿಂಗಳು. ಮೂರನೆಯದು ಹುಟ್ಟಿದಾಗ ಅವಳು ಅಳಲಿಲ್ಲ, ನಗಲಿಲ್ಲ. ಹೆಣ್ಣು ಎಂದು ಸೂಲಗಿತ್ತಿ ಹೇಳಿದರೆ 'ಉಸಿರಾಡಾಕತ್ತೈತೇನು?' ಎಂದು ಕೇಳಿದಳು. ಅದೇ ಪ್ರಶ್ನೆಯನ್ನು ಅವಳು ದಿನಕ್ಕೆ ನೂರು ಸಲ ಕೇಳುತ್ತಿದ್ದಳು. ನಾನು ಪದವಿ ಓದಿ ಬಂದವಳು. ಕೂಸುಗಳು ಯಾಕೆ ಹೋದವು ಎಂದು ಡಾಕ್ಟರರು ಹೇಳಿದ್ದನ್ನು ಅವಳಿಗೆ ತಿಳಿಯುವಂತೆ ಎರಡು ಸಲ ಬಿಡಿಸಿ ಹೇಳಿದೆ. ಅವಳು ಎರಡು ಸಲವೂ ತಲೆಯಾಡಿಸಿ ಕೇಳಿ, ಮೂರನೆಯ ದಿನ ನನ್ನ ಕೈ ಹಿಡಿದು, 'ನನಗ ತಿಪ್ಪವ್ವ ಬೇಕು' ಎಂದಳು.

ತಿಪ್ಪವ್ವ ನಮ್ಮ ಅಜ್ಜನ ತಂಗಿ. ಎಂಬತ್ತೆಂಟು ವರ್ಷ, ನಮ್ಮ ಮನೆಯ ಪಡಸಾಲೆಯಲ್ಲೇ ಇದ್ದಳು. ನಮಗೆಲ್ಲ ದೊಡ್ಡಜ್ಜಿ. ಪೂರ್ತಿ ಹೆಸರು ಹಿಡಿದು ಅವಳನ್ನು ಕರೆಯುವ ಹಿರಿಯರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅವಳು ತೀರಿಕೊಂಡರೆ ಆ ಹೆಸರೂ ತೀರಿತು ಎಂಬುದು ಊರಿಗೆಲ್ಲ ಗೊತ್ತಿತ್ತು. ಯಾರಿಗೂ ಅದರ ದುಃಖವಿರಲಿಲ್ಲ.

ಆ ಹೆಸರಿನ ಹುಟ್ಟಿನ ಕಥೆಯನ್ನು ದೊಡ್ಡಜ್ಜಿಯೇ ಹೇಳುತ್ತಿದ್ದಳು. ಯಾವುದೋ ಬೇನೆಯ ವರ್ಷ ಒಬ್ಬ ತಾಯಿ ಐದು ಕೂಸು ಕಳೆದುಕೊಂಡಿದ್ದಳು. ಆರನೆಯದು ಹುಟ್ಟಿದ ಕೂಡಲೇ ಮೈಗೆ ಬೂದಿ ಬಳಿದು, ಹರಕು ಚಾಪೆಯಲ್ಲಿ ಸುತ್ತಿ, ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ ಬಂದಳು. ಸಾವು ಮನೆಯ ಬಾಗಿಲಿಗೆ ಬಂದು, 'ಈ ಮನಿಯಾಗ ಕೂಸು ಐತೇನು?' ಎಂದಿತು. ತಾಯಿ ಸೆಗಣಿ ಬಳಿಯುವುದನ್ನು ನಿಲ್ಲಿಸದೆ, 'ಇಲ್ಲೆಲ್ಲೈತಿ? ಅಲ್ಲಿ ಅಳತೈತಲ್ಲ, ಅದು ತಿಪ್ಪೀದು' ಎಂದಳು. ಸಾವು ಮೂಗು ಮುಚ್ಚಿಕೊಂಡು ಹೋಯಿತು. ಪಕ್ಕದ ಮನೆಯವಳು ಕೂಸನ್ನು ಎತ್ತಿ ತಂದು ಒಂದು ಮೊರ ತೌಡಿಗೆ ಅದೇ ತಾಯಿಗೆ ಮಾರಿದಳು. ಯಾರ ಬಾಯಿಂದಲೂ ಪಡೆಯದೆ ನಮ್ಮ ಊರಿಗೆ ಬಂದ ಹೆಸರು ಅದೊಂದೇ. ತಿಪ್ಪೆಯೇ ಕೊಟ್ಟದ್ದು ಎನ್ನುತ್ತಾರೆ. ಆ ತಿಪ್ಪವ್ವ ಬದುಕಿದಳು. ಅವಳು ಯಾರ್ಯಾರ ಕಿವಿಯಲ್ಲಿ ಹೆಸರು ಹೇಳಿದಳೋ ಅವರೂ ಬದುಕಿದರು, ಅಥವಾ ಬದುಕಿದವರನ್ನಷ್ಟೇ ಊರು ನೆನಪಿಟ್ಟುಕೊಂಡಿತು. ಒಂದು ಕಾಲಕ್ಕೆ ಮನೆಗೊಬ್ಬ ತಿಪ್ಪವ್ವ ಇದ್ದಳಂತೆ.

ಆಮೇಲೆ ದವಾಖಾನೆ ಬಂತು, ಸೂಜಿ ಬಂತು. ಸಾವು ಸ್ವಲ್ಪ ದೂರ ಸರಿಯಿತು. ಅದು ಬಿಟ್ಟ ಜಾಗಕ್ಕೆ ನಾಚಿಕೆ ಬಂದು ಕುಳಿತಿತು. ಹೆಣ್ಣು ನೋಡಲು ಬಂದವರು ಹೆಸರು ಕೇಳಿ ಶರಬತ್ತಿನ ಲೋಟ ಹಾಗೇ ಇಡತೊಡಗಿದರು. ಮದುವೆಯ ದಿನ ಪರಾತದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆದು, ಆ ಹೆಸರಿನ ಒಬ್ಬಳಿಂದ ಮದುಮಗಳ ಕಿವಿಯಲ್ಲಿ ಹೇಳಿಸುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇತ್ತು. ಈಗ ತಿಪ್ಪವ್ವಂದಿರೆಲ್ಲ ಒಬ್ಬೊಬ್ಬರಾಗಿ ಅಕ್ಕಿಯ ಪರಾತದಲ್ಲಿ ಮುಳುಗಿ ಶಕುಂತಲಾ, ಪ್ರಮೀಳಾ, ಸುನಂದಾ ಆಗಿ ಎದ್ದರು. ಹಳೆಯ ಹೆಸರನ್ನು ಗಂಡಿನ ಮನೆಗೆ ಯಾರೂ ಹೇಳುತ್ತಿರಲಿಲ್ಲ. ಹೊಸದು ಬಿದ್ದರೆ ಹಳೆಯದು ಬಿಚ್ಚಿಹೋಗುತ್ತದೆ ಎಂದು ಊರು ನಂಬಿತ್ತು. ನಿಜವೋ ಸುಳ್ಳೋ ಎಂದು ಯಾರೂ ಕರೆದು ನೋಡಿರಲಿಲ್ಲ. ದೊಡ್ಡಜ್ಜಿ ಮದುವೆಯಾಗಲಿಲ್ಲ, ಹಾಗಾಗಿ ತಿಪ್ಪವ್ವನಾಗಿಯೇ ಉಳಿದಳು.

ಅಕ್ಕನ ಮಾತು ಕೇಳಿ ಅವಳ ಅತ್ತೆ ಪ್ರಮೀಳವ್ವ ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಠಕ್ಕನೆ ಇಟ್ಟರು. 'ಚಂದ ಆತು. ನಾಳೆ ಸಾಲ್ಯಾಗ ಮಾಸ್ತರ ಕರದ್ರ ಹುಡುಗೂರೆಲ್ಲಾ ಮೂಗು ಹಿಡೀಬೇಕಲಾ? ಕಸಬರಗಿ, ಬುಟ್ಟಿ ಅಂತ ಹೆಸರು ಸಿಗಲಿಲ್ಲೇನು ನಿನಗ?'

'ನಗಲಿ ಬಿಡ್ರಿ ಅತ್ತಿ. ನಗಾಕ ಅದು ಸಾಲಿಗೆ ಹೋಗುವಷ್ಟು ದಿನ ಇರಬೇಕಲಾ' ಎಂದಳು ಅಕ್ಕ.

ಪ್ರಮೀಳವ್ವ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಮಾವ ಚನಬಸಪ್ಪ ನಿವೃತ್ತ ಹೆಡ್‌ಮಾಸ್ತರರು. ಊರಿನ ಹೆಸರುಗಳ ವಹಿ ಅವರ ಕೈಯಲ್ಲೇ ಇತ್ತು. ಹುಟ್ಟಿದವರನ್ನು ಬರೆಯುವುದು, ನಾಲಿಗೆಯಿಂದ ಹೋದ ಹೆಸರಿಗೆ ಗೆರೆ ಎಳೆಯುವುದು ಅವರ ಕೆಲಸ. ಅವರು ಕನ್ನಡಕ ಏರಿಸಿ ತೀರ್ಪು ಕೊಟ್ಟರು: ಹದಿಮೂರನೆಯ ದಿನ ಮುದುಕಿ ಬಂದು ಹೇಳಿದರೆ ಹೇಳಲಿ. ದೀಪ ಹಚ್ಚುವುದರೊಳಗೆ ಹೆಸರು ಹತ್ತದಿದ್ದರೆ ಅಂಗನವಾಡಿ ಟೀಚರು ಪಲ್ಲವಿ ತಯಾರಿರಲಿ. ಅಕ್ಕನ ಗಂಡ ಮಹಾಂತೇಶ, 'ನಂದೇನೂ ಇಲ್ಲ' ಎಂದ. ಯಾವ ಮಾತಿಗೂ ಅವನದು ಅದೇ ಉತ್ತರ.

ಒಂಬತ್ತನೆಯ ದಿನ ಬೆಳಿಗ್ಗೆ ದೊಡ್ಡಜ್ಜಿ ಚಹಾದ ಬಸಿ ಎತ್ತಲು ಹೋದಳು, ಬಸಿ ಜಾರಿತು. ಬಾಯಿ ಎಡಕ್ಕೆ ವಾಲಿತು. ಡಾಕ್ಟರರು ಬಂದು, ಜೀವಕ್ಕೆ ಈಗಲೇ ಅಪಾಯವಿಲ್ಲ, ಮಾತು ಮಾತ್ರ ಬರುವುದು ಕಷ್ಟ ಎಂದರು. ಸುದ್ದಿ ಕೇಳಿ ಅಕ್ಕ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಆ ಬೆನ್ನನ್ನು ನಾನು ಮರೆತಿಲ್ಲ.

ಮರುದಿನ ದೊಡ್ಡಜ್ಜಿಯನ್ನು ಕಟ್ಟೆಯ ಮೇಲೆ ಕೂರಿಸಿದ್ದೆವು. ಅವಳಿಗೆ ಕಿವಿಯಾದರೂ ಕೇಳುತ್ತದೆಯೇ ಎಂದು ನೋಡಲು ನಾನು ಬಾಗಿಲಲ್ಲಿ ನಿಂತು ಎಂದೂ ಇಲ್ಲದಂತೆ ಪೂರ್ತಿ ಹೆಸರು ಹಿಡಿದು, 'ತಿಪ್ಪವ್ವಾ!' ಎಂದು ಕೂಗಿದೆ. ಅವಳು ತಿರುಗಿದಳು. ಹಿಟ್ಟಿನ ಡಬ್ಬಿ ಹೊತ್ತು ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ಓಣಿಯ ಶಕುಂತಲಾ ಕಾಕುವೂ ತಿರುಗಿದರು.

'ಯಾಕ್ರಿ ಕಾಕು, ಹೊಳ್ಳಿ ನೋಡಿದ್ರಿ?'

'ನಾ ಎಲ್ಲಿ ನೋಡಿದೆ? ನೊಣ ಕುಂತಿತ್ತು' ಎಂದು ಕಾಕು ಕಿವಿ ಜಾಡಿಸಿಕೊಂಡು ಓಡುವಂತೆ ಹೋದರು.

ನಾನು ಖಾಲಿ ಡಬ್ಬಿ ಹಿಡಿದು ಗಿರಣಿಗೆ ಹೋದೆ. ಪಾಳಿಯಲ್ಲಿ ಹನ್ನೆರಡು ಹೆಂಗಸರಿದ್ದರು. ಕರೆಂಟು ಹೋಗಿ ಗಿರಣಿ ನಿಂತ ಹೊತ್ತು ನೋಡಿ ಹಿಂದಿನಿಂದ ಕೂಗಿದೆ. ಮೂರು ಕುತ್ತಿಗೆ ತಿರುಗಿದವು. ಮೂರೂ ಐವತ್ತು ದಾಟಿದವು. ಒಬ್ಬರು ಕೆಮ್ಮಿದರು, ಒಬ್ಬರು ಸೆರಗು ಸರಿ ಮಾಡಿಕೊಂಡರು. ಮೂರನೆಯವರು ನನ್ನನ್ನೇ ಬೈದರು: 'ಓದಿದಾಕಿ, ಬುದ್ಧಿ ಇಲ್ಲೇನು? ಮಂದ್ಯಾಗ ಏನರೆ ಒದರ್ತೀಯಲ್ಲ.' ನಾನು ಆ ಮೂವರ ಮನೆಗೂ, ಶಕುಂತಲಾ ಕಾಕು ಮನೆಗೂ ಹೋದೆ. ಒಂದೇ ಸಲ ಬಂದು ಕಿವಿಯಲ್ಲಿ ಹೇಳಿ ಹೋಗಿ ಎಂದು ಬೇಡಿಕೊಂಡೆ. ಒಬ್ಬರು ಚಹಾ ಕೊಟ್ಟು ಮಾತು ಮರೆಸಿದರು. ಒಬ್ಬರು ಸೊಸೆಗೆ ಕೇಳದಂತೆ, 'ಮೂವತ್ತೈದು ವರ್ಷದ ಹಿಂದ ಹುಗದದ್ದನ್ನ ಅಗೀಬ್ಯಾಡವಾ' ಎಂದರು. ಬೈದವರು ಅಂಗಳದಿಂದಲೇ ಕಳಿಸಿದರು. ಕಾಕು ಅಂತೂ ಬಾಗಿಲೇ ತೆರೆಯಲಿಲ್ಲ.

ಹನ್ನೆರಡನೆಯ ದಿನ ಅಕ್ಕನ ಮನೆಯ ಹಿತ್ತಲಿಗೆ ಹೋದೆ. ಅಡುಗೆಮನೆಯಲ್ಲಿ ಪ್ರಮೀಳವ್ವ ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದರು. ಯಾಕೆಂದು ಹೇಳಲಾರೆ, ಬಾವಿಕಟ್ಟೆಯ ಹತ್ತಿರ ನಿಂತು, ಕೂಗಲಿಲ್ಲ, ಮೆಲ್ಲಗೆ ಕರೆದೆ. 'ತಿಪ್ಪವ್ವಾ.'

ಅವರು ತಿರುಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿದು ಎದ್ದವು. ಹೊರಳಬೇಕೆನ್ನುವ ಕುತ್ತಿಗೆಯನ್ನು ಒಬ್ಬ ಹೆಂಗಸು ಮೈಯೆಲ್ಲ ಬಲ ಹಾಕಿ ಹಿಡಿದಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಎಷ್ಟು ವರ್ಷದ ಅಭ್ಯಾಸವೋ. ಆಮೇಲೆ ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

'ಏನರೆ ಬೇಕಾಗಿತ್ತೇನು?' ಎಂದರು, ತಿರುಗದೆಯೇ.

'ಏನಿಲ್ರಿ ಅತ್ತಿ' ಎಂದೆ.

ಅಕ್ಕನಿಗೆ ಹೇಳಬಹುದಿತ್ತು. ಮಾವನ ಮುಂದೆ, ಬೀಗರ ಮುಂದೆ ಎತ್ತಿ ಆಡಬಹುದಿತ್ತು. ಆ ಇಡೀ ದಿನ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕಸಿದುಕೊಂಡ ಹೆಸರು ಕೂಸಿಗೆ ಹತ್ತುವುದಿಲ್ಲ, ತಾನಾಗಿ ಹೇಳಿದ್ದೇ ಹತ್ತಬೇಕು. ಅದಕ್ಕಿಂತ ಹೆಚ್ಚಾಗಿ, ಒಬ್ಬರು ನಲವತ್ತು ವರ್ಷ ಕಾಪಾಡಿಕೊಂಡ ಮೌನವನ್ನು ಮುರಿಯುವ ಹಕ್ಕು ನನ್ನದಲ್ಲ ಅನ್ನಿಸಿತು. ನಾಳೆ ಅಕ್ಕನ ಮುಖ ನೋಡಿದರೆ ಹೀಗೆ ಅನ್ನಿಸುತ್ತದೆಯೇ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹದಿಮೂರನೆಯ ದಿನ ಮಧ್ಯಾಹ್ನ ನಾನೂ ಮಹಾಂತೇಶನೂ ದೊಡ್ಡಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿಕೊಂಡು ಬಂದೆವು. ಅಂಗಳದ ತುಂಬ ಹೆಂಗಸರು. ಗಿರಣಿಯ ಮೂವರೂ ಬಂದಿದ್ದರು, ಶಕುಂತಲಾ ಕಾಕು ಎಲ್ಲರಿಗಿಂತ ಹಿಂದೆ ನಿಂತಿದ್ದರು. ಪಲ್ಲವಿ ಹೊಸ ಸೀರೆ ಉಟ್ಟು ಗೋಡೆಗೆ ಒರಗಿ ಕುಳಿತಿದ್ದಳು. ತೊಟ್ಟಿಲ ಹಾಡು ಮುಗಿಯಿತು. ದೊಡ್ಡಜ್ಜಿಯನ್ನು ಬಗ್ಗಿಸಿದೆವು. ಅವಳು ಕೂಸಿನ ಕಿವಿಗೆ ಬಾಯಿ ಇಟ್ಟಳು. ತುಟಿ ಒಂದು ಕಡೆಯಷ್ಟೇ ಅಲುಗಿತು, ಉಸಿರು ಬಂತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಉಸಿರು. ಮೂರನೆಯ ಸಲ ಅವಳ ಸರಿಯಿದ್ದ ಕಣ್ಣಿನಿಂದ ನೀರು ಇಳಿದು ಕೂಸಿನ ಕೆನ್ನೆಯ ಮೇಲೆ ಬಿತ್ತು. ಕೂಸು ಮುಖ ಕಿವುಚಿತು, ತಿರುಗಲಿಲ್ಲ.

ಅಕ್ಕ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ಚನಬಸಪ್ಪ ಕೆಮ್ಮಿ ವಹಿ ಬಿಡಿಸಿದರು. 'ಹೊತ್ತಾಗಾಕತ್ತು. ಪಲ್ಲವಿ, ಬಾರವಾ.'

ಪಲ್ಲವಿ ಎದ್ದಳು. ನಾನು ಪ್ರಮೀಳವ್ವನವರನ್ನು ನೋಡಿದೆ. ಅವರು ಆರತಿಯ ತಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿಬಿಡುತ್ತೇನೆಂದು ಕಾಯುತ್ತಿದ್ದರೋ, ಹೇಳುವುದಿಲ್ಲವೆಂದು ತಿಳಿದು ನೋಡುತ್ತಿದ್ದರೋ. ನಾನು ತುಟಿ ಬಿಗಿ ಹಿಡಿದೆ.

ಅವರು ತಟ್ಟೆಯನ್ನು ಕೆಳಗಿಟ್ಟರು. 'ಕುಂದ್ರವಾ ಪಲ್ಲವಿ' ಎಂದರು. ತೊಟ್ಟಿಲಿಗೆ ಬಂದು, ಸೊಂಟ ಹಿಡಿದುಕೊಂಡು ಬಗ್ಗಿದರು. ಕಿವಿಯಲ್ಲಿ ಪಿಸುಗುಟ್ಟುವುದು ಪದ್ಧತಿ. ಅವರು ಪಿಸುಗುಟ್ಟಲಿಲ್ಲ. ಬಾಗಿಲಾಚೆ ಬೀದಿಗೂ ಕೇಳುವಂತೆ, 'ತಿಪ್ಪವ್ವಾ!' ಎಂದರು.

ಕೂಸು ತಿರುಗಿತು. ಅದರ ಜೊತೆಗೆ ಅಂಗಳದಲ್ಲಿ ದೊಡ್ಡಜ್ಜಿಯದಲ್ಲದೆ ಇನ್ನೂ ಏಳು ಕುತ್ತಿಗೆಗಳು ತಿರುಗಿದವು. ನಾನು ಕಂಡುಹಿಡಿದದ್ದು ನಾಲ್ಕು. ಇನ್ನು ಮೂವರು ಯಾರೆಂದು ಅವರ ಗಂಡಂದಿರಿಗೂ ಗೊತ್ತಿರಲಿಕ್ಕಿಲ್ಲ. ಅವರು ಒಬ್ಬರನ್ನೊಬ್ಬರು ನೋಡಿದರು. ನೊಣ ಎಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಮೊದಲು ನಕ್ಕವರು ಶಕುಂತಲಾ ಕಾಕು. ಹೆಸರಿಟ್ಟವಳ ಬೆನ್ನಿಗೆ ಗುದ್ದುವುದು ನಮ್ಮ ಊರಿನ ಶಾಸ್ತ್ರ. ಏಳೂ ಜನ ನುಗ್ಗಿ ಬಂದು ಪ್ರಮೀಳವ್ವನ ಬೆನ್ನಿಗೆ ಗುದ್ದಿದರು. 'ಏನ ಗಟ್ಟಿಗಿತ್ತೆವಾ ನೀನು!' 'ನಮ್ಮ ಓಣ್ಯಾಗ ಇಷ್ಟ ವರ್ಷ ಕುಂತು ಹಪ್ಪಳಾ ಮಾಡಿದೆ, ಒಂದ ಮಾತ ಆಡಿದ್ಯಾ?' 'ನೀ ಆಡಿದ್ಯೇನ?'

ಚನಬಸಪ್ಪನವರಿಗೆ ಏನೂ ತಿಳಿಯಲಿಲ್ಲ. 'ಯಾರ, ಯಾರ ತಿಪ್ಪವ್ವ ಅಂದ್ರ?' ಎಂದು ಸುತ್ತ ನೋಡಿದರು.

'ನಾನರೀ' ಎಂದರು ಪ್ರಮೀಳವ್ವ. 'ನಲವತ್ತೆರಡು ವರ್ಷಾತು ನಿಮ್ಮ ಮನ್ಯಾಗ ರೊಟ್ಟಿ ಬಡಿಯಾಕತ್ತು. ಇವತ್ತ ಗುರುತ ಹತ್ತೇನು?'

ಅಂಗಳ ನಗೆಯಲ್ಲಿ ಮುಳುಗಿತು. ಮಾವನವರು ಮಾತ್ರ ವಹಿ ಮುಚ್ಚಿದರು. ಅವರು ಕೆಟ್ಟವರಲ್ಲ, ನಿಯಮದ ಮನುಷ್ಯ. 'ಬಿಚ್ಚಿದ ಹೆಸರು ಕೊಡಾಕ ಬರಂಗಿಲ್ಲ. ಬೇರು ಇನ್ನಾ ಹಸಿ ಐತಿ, ಮುದುಕಿ ಜೀವಂತ ಕುಂತಾಳ, ಅದಕ್ಕ ನಿಮ್ಮ ಕುತಗಿ ತಿರಗಾಕತ್ತಾವು, ಕೂಸಿಂದೂ ತಿರಗೇತಿ. ಅಕಿ ಹೋದ ದಿನ ಎಲ್ಲಾ ಒಮ್ಮೆಗೇ ಹೋಗ್ತೈತಿ, ಕೂಸಿನ ಹೆಸರೂ. ಆವಾಗ ನೋಡೂಣು. ಅಲ್ಲೀತನಾ ಬರಿಯಂಗಿಲ್ಲ' ಎಂದರು. ನಗೆ ನಿಂತಿತು. ಅದು ಸುಳ್ಳು ಎನ್ನಲು ಯಾರ ಹತ್ತಿರವೂ ಸಾಕ್ಷಿಯಿರಲಿಲ್ಲ. ಅಕ್ಕನ ಮುಖದಲ್ಲಿ ಆಗಷ್ಟೇ ಬಂದಿದ್ದ ಬಣ್ಣ ಇಳಿದದ್ದನ್ನು ನಾನು ನೋಡಿದೆ.

ಅಂದಿನಿಂದ ಅಕ್ಕ ಎರಡು ಉಸಿರು ಕಾಯತೊಡಗಿದಳು. ಕೂಸಿಗೆ ಹಾಲು ಕುಡಿಸಿ, ದೊಡ್ಡಜ್ಜಿಗೆ ಗಂಜಿ ಕುಡಿಸಲು ಬರುವಳು. ದಿನಕ್ಕೆ ಎರಡು ಸಲ, ಬಿಸಿಲೆನ್ನದೆ. ಒಂದು ಚಮಚ ಹೆಚ್ಚು ಕುಡಿಸಿದರೆ ಒಂದು ದಿನ ಹೆಚ್ಚು ಸಿಕ್ಕಿತು ಎಂಬಂತೆ. ದೊಡ್ಡಜ್ಜಿ ಅರ್ಧ ಬಾಯಿಯಲ್ಲಿ ನಗುತ್ತಿದ್ದಳು, ಸಾಕಾದಾಗ ಚಮಚವನ್ನು ಕೈಯಿಂದ ತಳ್ಳುತ್ತಿದ್ದಳು. ಒಂದು ದಿನ ಅಕ್ಕನ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದಳು. ಹೇಳಲು ಅವಳಿಗೆ ಏನೋ ಇತ್ತು. ಬಾರದ ಮಾತನ್ನು ಅವಳು ನಮ್ಮಂತೆ ಅವಸರದಿಂದ ಹುಡುಕುತ್ತಿರಲಿಲ್ಲ. ಆ ಏಳು ಜನರೂ ಪ್ರಮೀಳವ್ವನೂ ಸಂಜೆ ನಮ್ಮ ಕಟ್ಟೆಗೆ ಬಂದು ಕೂರುವುದು ರೂಢಿಯಾಯಿತು. ಒಬ್ಬರನ್ನೊಬ್ಬರು 'ಏ ತಿಪ್ಪಿ' ಎಂದು ಕರೆದುಕೊಳ್ಳುವರು, ಎಂಟೂ ಜನ ತಿರುಗುವರು, ಬಿದ್ದು ಬಿದ್ದು ನಗುವರು. ಇನ್ನೆಷ್ಟು ದಿನ ಇದು ಎಂಬ ಹೆದರಿಕೆಯೂ ಆ ನಗೆಯಲ್ಲೇ ಇತ್ತು.

ಕೂಸಿಗೆ ಐದು ತಿಂಗಳು ತುಂಬಿ ಆರನೆಯದಕ್ಕೆ ಬಿದ್ದಿತ್ತು. ಒಂದು ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೆ ದೊಡ್ಡಜ್ಜಿ ಹೋದಳು. ಸದ್ದಿಲ್ಲದೆ, ಗೋಡೆಗೆ ಒರಗಿದ್ದ ಹಾಗೇ.

ಓಣಿಯೆಲ್ಲ ಬಂತು. ಹೆಣದ ಮುಂದೆ ಕುಳಿತು ಸತ್ತವರ ಹೆಸರು ಹಿಡಿದು ಹಾಡಿಕೊಂಡು ಅಳುವುದು ನಮ್ಮಲ್ಲಿ ಹೆಂಗಸರ ಕೆಲಸ. ಅವತ್ತು ಯಾರೂ ಹಾಡಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ ಬಂದರೆ? ಎಂಟು ಹೆಂಗಸರು ತುಟಿ ಮುಚ್ಚಿ ಸಾಲಾಗಿ ಕುಳಿತಿದ್ದರು. ಪ್ರಮೀಳವ್ವ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಚನಬಸಪ್ಪ ಬಾಗಿಲ ಹತ್ತಿರ ನಿಂತು ಯಾರನ್ನೂ ನೋಡದೆ ನೆಲ ನೋಡುತ್ತಿದ್ದರು. ನಾನು ನನ್ನೊಳಗೇ ಆ ಹೆಸರನ್ನು ಹುಡುಕಲು ಹೋಗಿ, ಸಿಗದಿದ್ದರೆ ಎಂದು ಹೆದರಿ ಅರ್ಧದಲ್ಲೇ ನಿಂತೆ. ಅಷ್ಟು ದೊಡ್ಡ ಮೌನದಲ್ಲಿ ಚಾಪೆಯ ಮೇಲೆ ಬೋರಲು ಬಿದ್ದಿದ್ದ ಕೂಸೊಂದೇ ತನ್ನ ಪಾಡಿಗೆ ಇರುವೆಯ ಸಾಲಿನ ಕಡೆ ತೆವಳುತ್ತಿತ್ತು.

ಅಕ್ಕ ಎದ್ದು ನಿಂತಳು. ಯಾರನ್ನೂ ಕೇಳಲಿಲ್ಲ. ಎರಡು ಕೂಸು ಕಳೆದುಕೊಂಡವಳಿಗೆ ಕಾಯುವುದು ಇನ್ನು ಸಾಕಾಗಿತ್ತೋ ಏನೋ. ಉಸಿರು ಎಳೆದುಕೊಂಡು ಕರೆದಳು.

'ತಿಪ್ಪವ್ವಾ!'

ಹೆಸರು ಬಂತು. ಒಡೆಯದೆ, ತೊದಲದೆ, ಇಡಿಯಾಗಿ ಬಂತು. ಕೂಸು ಇರುವೆ ಬಿಟ್ಟು ತಲೆ ಎತ್ತಿ ಹಿಂದಕ್ಕೆ ಹೊರಳಿ ನೋಡಿತು. ಎಂಟು ಕುತ್ತಿಗೆಗಳು ಹೊರಳಿದವು. ಬೀದಿಯಲ್ಲಿ ಹೋಗುತ್ತಿದ್ದ, ನಮಗೆ ಗುರುತೂ ಇಲ್ಲದ ಇಬ್ಬರು ಹೆಂಗಸರು ಬುಟ್ಟಿ ಹೊತ್ತುಕೊಂಡೇ ನಿಂತು ತಿರುಗಿದರು. ಆಮೇಲೆ ಅಂಗಳ ಒಡೆಯಿತು. ಎಂಟೂ ಜನ ಒಂದೇ ಸಲ ದೊಡ್ಡಜ್ಜಿಯ ಹೆಸರು ಹಿಡಿದು ಹಾಡಿಕೊಂಡು ಅತ್ತರು. ಅಳುತ್ತಲೇ ನಕ್ಕರು, ಎದೆ ಬಡಿದುಕೊಳ್ಳುತ್ತಲೇ ಒಬ್ಬರ ಬೆನ್ನಿಗೊಬ್ಬರು ಗುದ್ದಿದರು. ಸಾವಿನ ಮನೆಯಲ್ಲಿ ಅಂಥ ಗದ್ದಲವನ್ನು ನಮ್ಮ ಊರು ಅದಕ್ಕೆ ಮೊದಲು ಕೇಳಿರಲಿಲ್ಲ. ಅಕ್ಕ ಕೂಸನ್ನು ಎತ್ತಿಕೊಳ್ಳಲಿಲ್ಲ. 'ಆಡ್ಲಿ ಬಿಡು' ಎಂದು ನನಗೆ ಹೇಳಿ, ಹೋಗಿ ಒಂದು ತಂಬಿಗೆ ನೀರು ಪೂರ್ತಿ ಕುಡಿದಳು. ಅವಳು ಕೂಸಿಗೆ ಬೆನ್ನು ಹಾಕಿ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ತುಂಬಿದ ಬಸುರಿ ಒಬ್ಬಳು ಜನರ ನಡುವೆ ದಾರಿ ಮಾಡಿಕೊಂಡು ಪ್ರಮೀಳವ್ವನ ಹತ್ತಿರ ಬಂದು, 'ಅತ್ತಿ, ನನಗ ಮುಂದಿನ ತಿಂಗಳ ದಿನ ಅದಾವು. ಬಂದು ಹೇಳ್ತೀರೇನು?' ಎಂದಳು. ಅವಳ ಹಿಂದೆ ಇನ್ನೊಬ್ಬಳು ನಿಂತಿದ್ದಳು. ಆ ವರ್ಷ ಹನ್ನೊಂದು ತೊಟ್ಟಿಲುಗಳಿಗೆ ಆ ಹೆಸರು ಹೋಯಿತು, ಮರು ವರ್ಷ ಶೈಲಜೆಯರನ್ನು ಹಿಂದೆ ಹಾಕಿತು. ಆದರೆ ಅದು ಆಮೇಲಿನ ಮಾತು. ಆ ಬೆಳಿಗ್ಗೆ ಪ್ರಮೀಳವ್ವ ಬಸುರಿಗೆ, 'ಬರ್ತೀನಿ ತಡಿ, ಒಂದು ಕೆಲಸ ಉಳದೈತಿ' ಎಂದು ಹೇಳಿ, ಕಣ್ಣೊರೆಸಿಕೊಂಡು ಬಾಗಿಲ ಹತ್ತಿರ ನಿಂತಿದ್ದ ಗಂಡನ ಮುಂದೆ ಹೋದರು. ಹೋಗಿ ಬೆನ್ನು ತಿರುಗಿಸಿ ನಿಂತರು.

'ಕರೀರಿ ನೋಡೂಣು' ಎಂದರು. 'ನಿಮ್ಮ ಬಾಯಾಗ ಒಮ್ಮಿ ಕೇಳ್ತೀನಿ.'

ಮಾವನವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಸಾವಿರಾರು ಹೆಸರು ಬರೆದ ಮನುಷ್ಯ, ಒಂದನ್ನು ಕರೆಯಲು ಅಷ್ಟು ಹೊತ್ತು ತೆಗೆದುಕೊಂಡರು. ಕೊನೆಗೆ, ಹಾಜರಿ ಕರೆಯುವ ದನಿಯಲ್ಲಲ್ಲ, ಬೇರೆಯದೇ ಒಂದು ಮೆತ್ತನೆಯ ದನಿಯಲ್ಲಿ, 'ತಿಪ್ಪವ್ವಾ' ಎಂದರು.

ಪ್ರಮೀಳವ್ವ ಕುತ್ತಿಗೆಯನ್ನು ಹಿಡಿದಿಡಲಿಲ್ಲ. ಪೂರ್ತಿ ತಿರುಗಿ, ಗಂಡನ ಕಣ್ಣಲ್ಲಿ ಕಣ್ಣಿಟ್ಟು, 'ಓ' ಎಂದರು. ಅವರ ಹಿಂದೆ ಅಂಗಳವೆಲ್ಲ, ಅಂಗಳದಾಚೆ ಬೀದಿಯೂ, 'ಓ' ಎಂದಿತು.